ಟಿಕೆಟ್ ಅಂಟಿಸಿದ ನೋಟುಪುಸ್ತಕ: ನಾಲ್ಕನೇ ತರಗತಿಯ ಬಾಲಕನೊಬ್ಬನ ಪ್ರಕರಣ

ಪೋಷಕರ ಒಪ್ಪಿಗೆ ಪಡೆದು ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಕುಟುಂಬದ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಊರಿನ ಹೆಸರನ್ನು ಬಿಟ್ಟಿದ್ದೇನೆ.

ಬಾಲಕನಿಗೆ ಒಂಬತ್ತೂವರೆ ವರ್ಷ. ಹಾಸನ ಜಿಲ್ಲೆಯಲ್ಲಿ ಮಲೆನಾಡಿನ ಅಂಚಿಗಿರುವ ಒಂದು ಪಟ್ಟಣದಿಂದ ತಂದೆ-ತಾಯಿ ಅವನನ್ನು ಮುಂದಿನ ವೃತ್ತಿಯ ಕುರಿತ ಸಲಹೆಗಾಗಿ ನನ್ನ ಬಳಿ ಕರೆತಂದಿದ್ದರು. ತಂದೆ ಲೆಕ್ಕಪತ್ರದ ಕೆಲಸದಲ್ಲಿದ್ದಾರೆ. ತಾಯಿ ಶಿಕ್ಷಕಿ, ನಿತ್ಯವೂ ಬಸ್ಸಿನಲ್ಲಿ ಓಡಾಡುವವರು. ಓದಿನಲ್ಲಾಗಲಿ ನಡತೆಯಲ್ಲಾಗಲಿ ಹುಡುಗನ ಮೇಲೆ ದೂರಿರಲಿಲ್ಲ. "ಇವನ ಗುರಿ ಮಾತ್ರ ಸರಿಯಿಲ್ಲ" ಎಂದರು ತಂದೆ. ಎರಡು ವರ್ಷಗಳಿಂದ ಯಾರು ಕೇಳಿದರೂ ಅವನು ಬಸ್ ಕಂಡಕ್ಟರ್ ಆಗುತ್ತೇನೆ ಎನ್ನುತ್ತಿದ್ದ. ಮನೆಯವರು ಮೊದಮೊದಲು ನಕ್ಕು ಸುಮ್ಮನಾಗಿದ್ದರು. ಆದರೆ ಆ ವರ್ಷದ ಗೌರಿ ಹಬ್ಬಕ್ಕೆ ಸೇರಿದ್ದ ನೆಂಟರ ಮುಂದೆ ಅವನು ಅದನ್ನೇ ಹೇಳಿದಾಗ ಚಿಕ್ಕಪ್ಪ ಒಬ್ಬರು ಸೀಟಿ ಊದುವ ಹಾಗೆ ಅಣಕಿಸಿದರು, ಎಲ್ಲರೂ ನಕ್ಕರು. ಅಂದಿನಿಂದ ಹುಡುಗ ಆ ಮಾತೆತ್ತಿಲ್ಲ. ಏನಾಗುತ್ತೀಯ ಎಂದು ಕೇಳಿದರೆ "ಗೊತ್ತಿಲ್ಲ" ಎನ್ನುತ್ತಾನೆ.

ತಂದೆಗೆ ಇದು ಸಮಾಧಾನದ ಸಂಗತಿಯಾಗಿ ಕಂಡಿತ್ತು. ಈಗ ಹೊಸ ಗುರಿಯೊಂದನ್ನು ತುಂಬಬಹುದೆಂಬ ಲೆಕ್ಕದಲ್ಲಿ ಅವರು ಬಂದಿದ್ದರು. ನನಗೆ ಆತಂಕವಾದದ್ದು ಆ "ಗೊತ್ತಿಲ್ಲ" ಎಂಬ ಉತ್ತರದಿಂದಲೇ. ಮಕ್ಕಳು ವೃತ್ತಿಗಳನ್ನು ಹೇಗೆ ಮನಸ್ಸಿನಿಂದ ಒಂದೊಂದಾಗಿ ಅಳಿಸಿ ಹಾಕುತ್ತಾ ಹೋಗುತ್ತಾರೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಲಿಂಡಾ ಗಾಟ್‌ಫ್ರೆಡ್‌ಸನ್ 1981ರಲ್ಲಿ ವಿವರಿಸಿದರು. ಆರರಿಂದ ಎಂಟರ ವಯಸ್ಸಿನಲ್ಲಿ ಮಕ್ಕಳು "ಇದು ಗಂಡಸರ ಕೆಲಸ, ಇದು ಹೆಂಗಸರ ಕೆಲಸ" ಎಂದು ವಿಂಗಡಿಸುತ್ತಾರೆ. ಒಂಬತ್ತರಿಂದ ಹದಿಮೂರರೊಳಗೆ "ಇದು ಮರ್ಯಾದೆಯ ಕೆಲಸ, ಇದು ಅಲ್ಲ" ಎಂಬುದನ್ನು ಸುತ್ತಲಿನವರ ಮುಖ ನೋಡಿ ಕಲಿಯುತ್ತಾರೆ. ತನಗೆ ನಿಜವಾಗಿ ಏನು ಇಷ್ಟ ಎಂದು ಒಳಗೆ ಹೊಕ್ಕು ನೋಡುವ ಶಕ್ತಿ ಬರುವುದು ಇವೆರಡೂ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಪಟ್ಟಿಯ ಬಹುಪಾಲು ಅಳಿಸಿಹೋಗಿರುತ್ತದೆ, ಅಳಿಸಿದ್ದನ್ನು ಮತ್ತೆ ಬರೆದುಕೊಳ್ಳುವವರು ಕಡಿಮೆ. ಆ ಹಬ್ಬದ ದಿನ ಹುಡುಗನ ಪಟ್ಟಿಯಿಂದ ಅಳಿದದ್ದು ಒಂದು ಕೆಲಸದ ಹೆಸರಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದರ ಜೊತೆಗೆ ತನ್ನ ಆಸಕ್ತಿಯನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಹೋಗಿರಬಹುದೆಂದು ನನಗೆ ಅನ್ನಿಸಿತು.

ತಂದೆ ಚೀಲದಿಂದ ಹೊಳೆಯುವ ಹಾಳೆಗಳ ದಪ್ಪ ವರದಿಯೊಂದನ್ನು ತೆಗೆದರು. ಹತ್ತೂ ಬೆರಳುಗಳ ಗುರುತು ಪಡೆದು ಮಗುವಿನ ಬುದ್ಧಿಯ ಬಗೆಯನ್ನೂ ಮುಂದಿನ ವೃತ್ತಿಯನ್ನೂ ಹೇಳುವುದಾಗಿ ನಂಬಿಸಿದ ಸಂಸ್ಥೆಯೊಂದು ಅವರಿಂದ ಸಾವಿರಾರು ರೂಪಾಯಿ ಪಡೆದಿತ್ತು. ಬೆರಳ ತುದಿಯ ಗೆರೆಗಳು ಮಗು ಗರ್ಭದಲ್ಲಿರುವಾಗಲೇ ಮೂಡಿ ಜೀವಮಾನವಿಡೀ ಹಾಗೆಯೇ ಉಳಿಯುತ್ತವೆ. ಆಸಕ್ತಿಯಾದರೋ ಕಂಡದ್ದರಿಂದ, ಕೇಳಿದ್ದರಿಂದ, ಮಾಡಿ ನೋಡಿದ್ದರಿಂದ ಬೆಳೆಯುವಂಥದ್ದು. ಆ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ನಾನು ನೇರವಾಗಿಯೇ ಹೇಳಿದೆ. ಕಷ್ಟದ ದುಡಿಮೆಯ ಹಣವನ್ನು ಮಗನಿಗೆಂದು ಕೊಟ್ಟಿದ್ದ ಆ ತಂದೆಯ ಮುಖ ಬಾಡಿದ್ದನ್ನು ನೋಡಿ ನನಗೂ ಸಂಕಟವಾಯಿತು, ಆದರೆ ಆ ಕಾಗದವನ್ನು ಕಡತಕ್ಕೆ ಸೇರಿಸಿಕೊಂಡು ಸುಮ್ಮನಿರುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ.

ಅನಂತರ ನಾನೂ ಒಂದು ತಪ್ಪು ಮಾಡಿದೆ. ಮೊದಲ ಭೇಟಿಯಲ್ಲಿ ಹುಡುಗನ ಮುಂದೆ ಚಿತ್ರಗಳ ಆಸಕ್ತಿ ಪಟ್ಟಿಯನ್ನಿಟ್ಟು, ಇಷ್ಟವಾದವಕ್ಕೆ ಬಣ್ಣ ಹಚ್ಚಲು ಹೇಳಿದೆ. ವೈದ್ಯ, ವಿಜ್ಞಾನಿ, ಪೊಲೀಸ್ ಅಧಿಕಾರಿ, ಶಿಕ್ಷಕ: ನಾಲ್ಕಕ್ಕೂ ಅವನು ಗೆರೆ ದಾಟದಂತೆ ನೀಟಾಗಿ ಬಣ್ಣ ತುಂಬಿದ, ಬಸ್ಸಿನ ಚಿತ್ರವನ್ನು ಬಿಟ್ಟ. ದೊಡ್ಡವರನ್ನು ಮೆಚ್ಚಿಸುವ ಉತ್ತರ ಯಾವುದೆಂದು ತಿಳಿದ ಮಗುವಿನ ಕೈಗೆ ಪ್ರಶ್ನಾವಳಿ ಕೊಟ್ಟರೆ ಬರುವುದು ನಮ್ಮದೇ ಉತ್ತರ. ಈ ವಯಸ್ಸಿನ ಮಕ್ಕಳ ವಿಷಯದಲ್ಲಿ ನೋಡುವುದು, ಕೇಳಿಸಿಕೊಳ್ಳುವುದು, ಜೊತೆಗೂಡಿ ಏನಾದರೂ ಮಾಡುವುದು ಇವುಗಳಿಗಿಂತ ನಂಬಬಹುದಾದ ಸಾಧನ ನನಗೆ ಈವರೆಗೆ ಸಿಕ್ಕಿಲ್ಲ.

ಎರಡನೇ ಭೇಟಿಯಲ್ಲಿ ಯಾವ ಪಟ್ಟಿಯನ್ನೂ ತೆಗೆಯಲಿಲ್ಲ. "ನಾನು ಸಕಲೇಶಪುರದಿಂದ ಧರ್ಮಸ್ಥಳಕ್ಕೆ ಹೋಗಬೇಕು, ನನಗೆ ದಾರಿ ಗೊತ್ತಿಲ್ಲ" ಎಂದಷ್ಟೇ ಹೇಳಿದೆ. ಹುಡುಗ ನನ್ನನ್ನು ಒಂದು ಕ್ಷಣ ಅನುಮಾನದಿಂದ ನೋಡಿ, ಅನಂತರ ಮೆಲ್ಲಗೆ ಶುರುಮಾಡಿದ. ಶಿರಾಡಿ ಘಾಟಿ ಇಳಿದರೆ ಗುಂಡ್ಯ, ನೆಲ್ಯಾಡಿ. ಮಳೆಗೆ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದರೆ ಮೂಡಿಗೆರೆ ಕಡೆಗೆ ಹೋಗಿ ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ. "ಆದರೆ ಆಗ ಎಲ್ಲ ಬಸ್ಸೂ ಲೇಟಾಗತ್ತೆ, ಉಜಿರೇಲಿ ಕಾಯೋರಿಗೆ ಯಾರು ಹೇಳ್ತಾರೆ?" ಎಂದು ನನ್ನನ್ನೇ ಕೇಳಿದ. ಆಮೇಲೆ ಚೀಲದ ತಳದಿಂದ ಒಂದು ನೋಟುಪುಸ್ತಕ ಹೊರಬಂತು.

ಅದರ ಪುಟಪುಟಗಳಲ್ಲಿ ಬಸ್ ಟಿಕೆಟ್‌ಗಳನ್ನು ಅನ್ನದ ಅಗುಳಿನಿಂದ ಅಂಟಿಸಿದ್ದ. ಹೆಚ್ಚಿನವು ತಾಯಿಯ ಶೂನ್ಯ ದರದ ಟಿಕೆಟ್‌ಗಳು; 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಆಕೆ ಪ್ರತಿ ಸಂಜೆ ತಂದು ಮೇಜಿನ ಮೇಲಿಡುತ್ತಿದ್ದವು. ಪ್ರತಿ ಟಿಕೆಟ್ಟಿನ ಪಕ್ಕದಲ್ಲಿ ಬಸ್ ಎಷ್ಟು ಹೊತ್ತಿಗೆ ಬರಬೇಕಿತ್ತು, ಎಷ್ಟು ಹೊತ್ತಿಗೆ ಬಂತು, ಯಾವ ದಿನ, ಮಳೆಯಿತ್ತೋ ಇಲ್ಲವೋ ಎಂಬುದನ್ನು ಪೆನ್ಸಿಲಿನಲ್ಲಿ ಬರೆದಿದ್ದ. ದರ ಪ್ರತಿ ನಿಲುಗಡೆಗೂ ಏರದೆ ಸ್ಟೇಜ್‌ನಿಂದ ಸ್ಟೇಜ್‌ಗೆ ಏರುತ್ತದೆಂಬುದನ್ನು ತಂದೆಯ ಟಿಕೆಟ್‌ಗಳಿಂದ ತಾನೇ ಕಂಡುಕೊಂಡಿದ್ದ. ಕೊನೆಯ ಪುಟಗಳಲ್ಲಿ ಊರುಗಳನ್ನು ಗೆರೆಗಳಿಂದ ಸೇರಿಸಿದ ಬಲೆಯಂಥ ನಕ್ಷೆ. ಹಬ್ಬದ ನಂತರದ ದಿನಾಂಕದ ಟಿಕೆಟ್‌ಗಳೂ ಅದರಲ್ಲಿದ್ದವು. ಹುಡುಗ ಮಾತು ನಿಲ್ಲಿಸಿದ್ದರೂ ಕೆಲಸ ನಿಲ್ಲಿಸಿರಲಿಲ್ಲ. ಅದನ್ನು ಕಂಡು ನನಗಾದ ಸಂತೋಷವನ್ನು ಅವನಿಂದ ಮುಚ್ಚಿಡಲು ನಾನು ಪ್ರಯತ್ನಿಸಲಿಲ್ಲ.

ಪೋಷಕರೊಂದಿಗಿನ ಮುಂದಿನ ಮಾತುಕತೆಯಲ್ಲಿ ಆ ಪುಸ್ತಕದ ಬಗ್ಗೆ, ಹುಡುಗನ ಅನುಮತಿ ಪಡೆದೇ, ವಿವರವಾಗಿ ಹೇಳಿದೆ. ಹತ್ತು ಹನ್ನೊಂದು ವರ್ಷದವರೆಗಿನ ವೃತ್ತಿಯ ಮಾತನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಎಲಿ ಗಿನ್ಸ್‌ಬರ್ಗ್ ಮತ್ತು ಸಂಗಡಿಗರು 1951ರಲ್ಲೇ ಕಲ್ಪನೆಯ ಹಂತವೆಂದು ಕರೆದಿದ್ದರು. ಮಗು ಹೇಳುವ ಹುದ್ದೆಯ ಹೆಸರು ಆ ಹಂತದಲ್ಲಿ ನಿರ್ಧಾರವಲ್ಲ, ಹರಕೆಯೂ ಅಲ್ಲ. ತನ್ನನ್ನು ಸೆಳೆದದ್ದಕ್ಕೆ ಅದು ತನಗೆ ಗೊತ್ತಿರುವ ಹೆಸರನ್ನು ಇಡುತ್ತದೆ. ಈ ಹುಡುಗ ಕಂಡಿದ್ದ ಬಸ್ಸಿನ ಲೋಕದಲ್ಲಿ ಕಣ್ಣಿಗೆ ಬೀಳುವವರು ಇಬ್ಬರೇ, ಚಾಲಕ ಮತ್ತು ನಿರ್ವಾಹಕ. ಆದ್ದರಿಂದ ಅವನ ಬಳಿಯಿದ್ದ ಹೆಸರುಗಳೂ ಎರಡೇ. ಅಮೆರಿಕದ ಮನೋವಿಜ್ಞಾನಿ ಜಾನ್ ಹಾಲೆಂಡ್ ಅವರು ಆಸಕ್ತಿಗಳನ್ನು ಆರು ಬಗೆಯಾಗಿ ವಿಂಗಡಿಸಿದ್ದು ಇಂಥ ಕಡೆ ಉಪಯೋಗಕ್ಕೆ ಬರುತ್ತದೆ. ಅದೇ ಬಸ್ಸಿನ ಸುತ್ತ ಕೈಕೆಲಸದಲ್ಲಿ ಪಳಗಿದ ಮೆಕ್ಯಾನಿಕ್ ಇದ್ದಾರೆ, ಯಾವ ದಾರಿಗೆ ಎಷ್ಟು ಬಸ್ಸು ಬೇಕೆಂದು ಅಧ್ಯಯನ ಮಾಡುವವರಿದ್ದಾರೆ, ಬಸ್ಸಿನ ಮೈಬಣ್ಣವನ್ನು ವಿನ್ಯಾಸ ಮಾಡುವವರಿದ್ದಾರೆ, ದಿನಕ್ಕೆ ನೂರಾರು ಜನರೊಡನೆ ಮಾತನಾಡುವ ನಿರ್ವಾಹಕರಿದ್ದಾರೆ, ಸ್ವಂತ ಬಸ್ ಓಡಿಸುವ ಮಾಲೀಕರಿದ್ದಾರೆ, ವೇಳಾಪಟ್ಟಿ ಮತ್ತು ಟಿಕೆಟ್ ಲೆಕ್ಕವನ್ನು ತಾಳೆ ನೋಡುವ ಗುಮಾಸ್ತರಿದ್ದಾರೆ. ಈ ಆರರಲ್ಲಿ ಎರಡು ಕಡೆ, ಅಂದರೆ ಕಾರಣ ಹುಡುಕುವುದರಲ್ಲಿ ಮತ್ತು ಕ್ರಮಬದ್ಧವಾಗಿ ದಾಖಲಿಸುವುದರಲ್ಲಿ, ಹುಡುಗನ ಒಲವು ಎದ್ದು ಕಾಣುತ್ತಿತ್ತು. ಜನ ಕಾಯುವುದರ ಬಗ್ಗೆ ಅವನಿಗಿದ್ದ ಕಾಳಜಿ ಮೂರನೆಯದಾಗಿರಬಹುದು. ಆದರೂ ಈ ಮೂರನ್ನು ಅವನ ಹಣೆಗೆ ಚೀಟಿಯಂತೆ ಅಂಟಿಸಬೇಡಿರೆಂದು ಎಚ್ಚರಿಸಿದೆ; ಹತ್ತರ ಮಗುವಿನ ಆಸಕ್ತಿ ಹೊರಳುತ್ತದೆ, ಹೊರಳಬೇಕು.

ತಂದೆಗೆ ತಟ್ಟನೆ ಒಂದು ಉಪಾಯ ಹೊಳೆಯಿತು. "ಹಾಗಾದರೆ ಐಎಎಸ್ ಮಾಡಿ ಕೆಎಸ್‌ಆರ್‌ಟಿಸಿಗೆ ಎಂಡಿ ಆಗು ಅಂತ ಹೇಳಬಹುದಲ್ಲವೇ?" ಎಂದರು. ಒಳ್ಳೆಯ ಮನಸ್ಸಿನಿಂದ ಬಂದ ಮಾತು ಅದು, ಅನೇಕ ಮನೆಗಳಲ್ಲಿ ಕೇಳಿದ್ದೇನೆ. ಮಗು ನರ್ಸ್ ಎಂದರೆ ಡಾಕ್ಟರ್ ಎನ್ನುತ್ತೇವೆ, ಅಡುಗೆ ಎಂದರೆ ಹೋಟೆಲ್ ಮಾಲೀಕ ಎನ್ನುತ್ತೇವೆ. ಹೀಗೆ ಕನಸನ್ನು ಒಂದು ಮೆಟ್ಟಿಲು ಮೇಲಕ್ಕೆ ತಳ್ಳಿದಾಗ ಮಗುವಿಗೆ ಕೇಳಿಸುವುದು ಒಂದೇ ಮಾತು: ನೀನು ನೋಡಿದ್ದು ಸಾಲದು. ಹೋದ ಹಬ್ಬದಲ್ಲಿ ಚಿಕ್ಕಪ್ಪ ಸೀಟಿ ಊದಿ ಹೇಳಿದ್ದನ್ನೇ ನಾವು ಅಕ್ಕರೆಯಿಂದ ಹೇಳಿದಂತಾಗುತ್ತದೆ. ಎತ್ತರದ ಹುದ್ದೆಯ ಬದಲು ಅಗಲದ ನೋಟವನ್ನು ಕೊಡಿ, ಬಸ್ಸಿನ ಹಿಂದೆ ದುಡಿಯುವ ಇನ್ನಷ್ಟು ಜನರನ್ನು ತೋರಿಸಿ ಎಂದು ಕೇಳಿಕೊಂಡೆ.

ನಾನು ಕೊಟ್ಟ ಸಲಹೆಗಳು ಹೆಚ್ಚೇನೂ ಇಲ್ಲ. "ದೊಡ್ಡವನಾದ ಮೇಲೆ ಏನಾಗುತ್ತೀಯ" ಎಂಬ ಪ್ರಶ್ನೆಯನ್ನು ಮನೆಯಲ್ಲಿ ಒಂದು ವರ್ಷ ಯಾರೂ ಕೇಳಕೂಡದು. ಅದರ ಬದಲು "ಈ ವಾರ ಏನು ಕಂಡುಕೊಂಡೆ" ಎಂದು ಕೇಳಬೇಕು. ತಂದೆ ತಮ್ಮ ಕಚೇರಿಗೆ ಒಂದು ದಿನ ಮಗನನ್ನು ಕರೆದೊಯ್ದು ಲೆಕ್ಕದ ಪುಸ್ತಕ ತೋರಿಸಬೇಕು. ಆಶ್ಚರ್ಯವೆಂದರೆ ಅಪ್ಪ ದಿನವಿಡೀ ಏನು ಮಾಡುತ್ತಾರೆಂಬುದು ಹುಡುಗನಿಗೆ ತಿಳಿದೇ ಇರಲಿಲ್ಲ. ಮುಂಚೆ ಅನುಮತಿ ಪಡೆದು ಹತ್ತಿರದ ಡಿಪೋಗೆ ಹೋಗಬೇಕು, ಅಲ್ಲಿ ದುಡಿಯುವವರಿಗೆ ಹುಡುಗನೇ ಮೂರು ಪ್ರಶ್ನೆ ಕೇಳಬೇಕು: ಬೆಳಿಗ್ಗೆ ಬಂದ ಕೂಡಲೇ ಏನು ಮಾಡುತ್ತೀರಿ, ಯಾವ ಕೆಲಸ ಕಷ್ಟ, ಇದನ್ನು ಯಾರಿಂದ ಕಲಿತಿರಿ. ಸಂಬಳ, ಅಂಕ, ಕೋರ್ಸುಗಳ ಮಾತು ಹೈಸ್ಕೂಲಿಗೆ ಇರಲಿ ಎಂದೆ. ಇನ್ನು ಆ ಚಿಕ್ಕಪ್ಪನೊಂದಿಗೆ ಮಾತನಾಡುವುದು. ಅದನ್ನು ತಾಯಿ ವಹಿಸಿಕೊಂಡರು.

ಶಾಲೆಯ ತರಗತಿ ಶಿಕ್ಷಕಿಗೂ ಒಂದು ಪತ್ರ ಬರೆದುಕೊಟ್ಟೆ. ರಾಷ್ಟ್ರೀಯ ಶಿಕ್ಷಣ ನೀತಿ 2020 ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಅವಧಿಯನ್ನು ಸೂಚಿಸಿ, ಬಡಗಿ, ತೋಟಗಾರ, ಕುಂಬಾರರಂಥ ಸ್ಥಳೀಯ ಕಸುಬುದಾರರ ಬಳಿ ಕಲಿಯಲಿ ಎಂದಿದೆ. ಆದರೆ ಮರ್ಯಾದೆಯ ತಕ್ಕಡಿ ಮಕ್ಕಳ ಕೈಗೆ ಬರುವುದು ಆರನೇ ತರಗತಿಗಿಂತ ಮೊದಲೇ ಆದ್ದರಿಂದ, ನಾಲ್ಕನೇ ತರಗತಿಯಲ್ಲೇ ಊರಿನ ಕಸುಬುದಾರರನ್ನು ಶಾಲೆಗೆ ಕರೆಸಿ ಮಕ್ಕಳೊಂದಿಗೆ ಕೂರಿಸುವುದು ಸೂಕ್ತವೆಂಬುದು ನನ್ನ ಖಚಿತ ಅಭಿಪ್ರಾಯ. ಶಿಕ್ಷಕಿ ಒಪ್ಪಿ, ಮೊದಲ ಅತಿಥಿಯಾಗಿ ಶಾಲೆಯ ಬಿಸಿಯೂಟದ ಅಡುಗೆಯವರನ್ನೇ ಕೂರಿಸಿದರು. ಇಷ್ಟು ಮಕ್ಕಳಿಗೆ ಇಷ್ಟು ಅಕ್ಕಿ ಎಂದು ಅವರು ಅಳೆಯುವ ಕ್ರಮವನ್ನು ಮಕ್ಕಳು ಗಣಿತದ ಪಾಠವಾಗಿ ಬರೆದುಕೊಂಡರಂತೆ.

ಡಿಪೋ ಭೇಟಿಗೆ ಆರು ವರ್ಷದ ತಂಗಿಯೂ ಹೋಗಿದ್ದಳು. ಬಸ್ಸಿನ ಕೆಲಸ ಹುಡುಗರದ್ದು ಎಂದು ಹೊರಡುವಾಗ ಹೇಳಿದವಳು, ಅಲ್ಲಿ ಬಸ್ಸಿನ ಕೆಳಗಿನಿಂದ ಗ್ರೀಸ್ ಮೆತ್ತಿದ ಕೈಗಳೊಂದಿಗೆ ಎದ್ದುಬಂದ ತಾಂತ್ರಿಕ ಸಹಾಯಕಿಯನ್ನು ಕಂಡು ಮನೆ ಸೇರುವವರೆಗೆ ಆಕೆಯ ಬಗ್ಗೆಯೇ ಹೇಳುತ್ತಿದ್ದಳೆಂದು ತಾಯಿ ತಿಳಿಸಿದರು. ಹುಡುಗ ಮಾತ್ರ ಅರ್ಧ ಗಂಟೆ ಕಳೆದದ್ದು ವೇಳಾಪಟ್ಟಿ ಹಾಕುವ ಮೇಜಿನ ಬಳಿ. ಮಳೆಗಾಲಕ್ಕೆ ಬೇರೆ ಸಮಯಪಟ್ಟಿ ಏಕಿಲ್ಲ ಎಂದು ಅವನು ಕೇಳಿದಾಗ, ಆ ಸಿಬ್ಬಂದಿ ನಗದೆ, ಕುರ್ಚಿ ಎಳೆದು ಕೂರಿಸಿಕೊಂಡು, ಹದಿನೈದು ನಿಮಿಷ ಉತ್ತರ ಹೇಳಿದರಂತೆ. ಆ ಹಿರಿಯರಿಗೆ ನಾನು ಮನಸ್ಸಿನಲ್ಲೇ ಕೃತಜ್ಞತೆ ಹೇಳಿಕೊಂಡೆ.

ಏಳು ತಿಂಗಳ ನಂತರ ತಾಯಿ ಕರೆ ಮಾಡಿದರು. ಮಗ ಟಿಕೆಟ್ ಅಂಟಿಸುವುದನ್ನು ಬಿಟ್ಟಿದ್ದಾನೆ, ಈಗ ಬಾಟಲಿಗೆ ಅಳತೆ ಪಟ್ಟಿ ಅಂಟಿಸಿ ಮಳೆ ಅಳೆಯುತ್ತಾನೆ, ಹಿತ್ತಲ ಮಣ್ಣನ್ನು ಗುಡ್ಡ ಮಾಡಿ ನೀರು ಸುರಿದು ಯಾವಾಗ ಜಾರುತ್ತದೆಂದು ನೋಡುತ್ತಾನೆ. ಇಷ್ಟು ಕಷ್ಟಪಟ್ಟದ್ದು ವ್ಯರ್ಥವಾಯಿತೇ ಎಂದು ಕೇಳಿದರು. ಉಜಿರೆಯಲ್ಲಿ ಕಾಯುವವರ ಚಿಂತೆಯಿಂದ ಶುರುವಾದದ್ದು ಶಿರಾಡಿಯ ಗುಡ್ಡ ಏಕೆ ಕುಸಿಯುತ್ತದೆ ಎಂಬಲ್ಲಿಗೆ ಬಂದು ನಿಂತಿದೆಯೆಂದು ಅವರಿಗೆ ವಿವರಿಸಿದೆ. ಹಳೆಯ ನೋಟುಪುಸ್ತಕವನ್ನು ಕಪಾಟಿನಲ್ಲಿ ಜೋಪಾನವಾಗಿಡಿ, ಅದನ್ನು ನೆನಪಿಸಿ ಮುಂದುವರಿಸು ಎನ್ನಬೇಡಿ, ಮಣ್ಣಿನ ಗುಡ್ಡವನ್ನು ನೋಡಿ ಭೂವಿಜ್ಞಾನಿಯಾಗು ಎಂದೂ ಹೇಳಬೇಡಿ ಎಂದೆ. ಹಿತ್ತಲಿನಲ್ಲಿ ಒಂದು ಮೂಲೆಯನ್ನು ಗುಡಿಸದೆ ಅವನಿಗೆ ಬಿಟ್ಟುಕೊಡಲು ಅಜ್ಜಿಯನ್ನು ಒಪ್ಪಿಸಬೇಕಿದೆ ಎಂದರು ತಾಯಿ. ಮುಂದಿನ ಭೇಟಿಯನ್ನು ಐದನೇ ತರಗತಿಯ ಕೊನೆಗೆ ಇಟ್ಟುಕೊಂಡಿದ್ದೇವೆ.