ವಾರಕ್ಕೊಮ್ಮೆ ನಿಂತುಹೋಗುವ ಕ್ಯಾಲೆಂಡರ್ ಸ್ಕ್ರಿಪ್ಟ್

ಮೊದಲು ಒಂದು ಮಾತು. ಪ್ರಶ್ನೆಯ ಜೊತೆ ಹಾಕಿದ ಕೋಡ್‌ನಲ್ಲಿ ನಿಮ್ಮ ಕ್ಲೈಂಟ್ ಸೀಕ್ರೆಟ್ (ಗೂಗಲ್‌ಗೆ ನಿಮ್ಮ ಆ್ಯಪ್‌ನ ಗುರುತು ಹೇಳುವ ಗುಪ್ತ ಕೀಲಿ) ಕೂಡ ಕಾಣಿಸುತ್ತಿದೆ. ದಯವಿಟ್ಟು ಅದನ್ನು ಈಗಲೇ ತೆಗೆಯಿರಿ. ಅಳಿಸಿದರೆ ಸಾಲದು, ಗೂಗಲ್ ಕ್ಲೌಡ್ ಕನ್ಸೋಲ್‌ನಲ್ಲಿ ಹೊಸ ಸೀಕ್ರೆಟ್ ಮಾಡಿಕೊಂಡು ಹಳೆಯದನ್ನು ನಿಷ್ಕ್ರಿಯ ಮಾಡಿ.

ಈಗ ಪ್ರಶ್ನೆಗೆ ಬರೋಣ. ಗೂಗಲ್ ಕ್ಯಾಲೆಂಡರ್ ಎಪಿಐ (ಪ್ರೋಗ್ರಾಂಗಳು ಕ್ಯಾಲೆಂಡರ್ ಜೊತೆ ಮಾತಾಡುವ ದಾರಿ) ಬಳಸುವ ನಿಮ್ಮ ಪೈಥಾನ್ ಸ್ಕ್ರಿಪ್ಟ್ ಒಂದು ವಾರ ಚೆನ್ನಾಗಿ ಓಡುತ್ತದೆ. ಆಮೇಲೆ ಕೋಡ್ ಮುಟ್ಟದಿದ್ದರೂ ‘ಇನ್‌ವ್ಯಾಲಿಡ್ ಗ್ರಾಂಟ್’ ಅಂತ ನಿಲ್ಲುತ್ತದೆ. ಮತ್ತೆ ಲಾಗಿನ್ ಆದರೆ ಇನ್ನೊಂದು ವಾರ, ಅಲ್ವಾ?

ಆ ಒಂದು ವಾರವೇ ಸುಳಿವು. ಕ್ಯಾಲೆಂಡರ್ ತೆರೆಯಲು ಸ್ಕ್ರಿಪ್ಟ್ ತೋರಿಸುವ ಅನುಮತಿ ಚೀಟಿ, ಅಂದರೆ ಆಕ್ಸೆಸ್ ಟೋಕನ್‌ನ ಆಯಸ್ಸು ಸುಮಾರು 1 ಗಂಟೆ ಮಾತ್ರ. ಅದು ಮುಗಿದಾಗ ಹೊಸದನ್ನು ತಂದುಕೊಡುವುದು ರಿಫ್ರೆಶ್ ಟೋಕನ್. ಆದರೆ ಈ ಸ್ಕ್ರಿಪ್ಟ್‌ಗಾಗಿ ಕನ್ಸೋಲ್‌ನಲ್ಲಿ ಮಾಡಿಕೊಂಡ ನಿಮ್ಮ ಆ್ಯಪ್ ‘ಎಕ್ಸ್‌ಟರ್ನಲ್’ (ಸಂಸ್ಥೆಯ ಹೊರಗಿನವರೂ ಬಳಸಬಹುದಾದದ್ದು) ಆಗಿದ್ದು, ಅದರ ಪಬ್ಲಿಶಿಂಗ್ ಸ್ಟೇಟಸ್ ‘ಟೆಸ್ಟಿಂಗ್’ ಅಂತ ಇದ್ದರೆ, ಕ್ಯಾಲೆಂಡರ್ ಅನುಮತಿಯ ರಿಫ್ರೆಶ್ ಟೋಕನ್ 7 ದಿನಕ್ಕೆ ಸಾಯುತ್ತದೆ. ಗೂಗಲ್‌ನ ನಿಯಮವೇ ಹಾಗಿದೆ. ನಿಮ್ಮ ಕೋಡ್ ಸರಿಯಾಗಿಯೇ ಇದೆ.

ಕನ್ಸೋಲ್‌ನಲ್ಲಿ ‘ಆಡಿಯೆನ್ಸ್’ ಪುಟಕ್ಕೆ ಹೋಗಿ ‘ಪಬ್ಲಿಶ್ ಆ್ಯಪ್’ ಒತ್ತಿ. ಆಮೇಲೆ ಸ್ಕ್ರಿಪ್ಟ್ ಪಕ್ಕದಲ್ಲಿರುವ ‘ಟೋಕನ್ ಡಾಟ್ ಜೇಸನ್’ ಫೈಲ್ ಅಳಿಸಿ, ಹೊಸದಾಗಿ ಲಾಗಿನ್ ಆಗಿ. ಈ ಅಳಿಸುವ ಕೆಲಸವನ್ನು ಜಾಸ್ತಿ ಜನ ಮರೆಯುತ್ತಾರೆ. ಗೂಗಲ್ ಕೊಡುವ ಮಾದರಿ ಕೋಡ್ ಆ ಫೈಲ್ ಇರುವವರೆಗೂ ಹಳೆಯ ಟೋಕನ್ನನ್ನೇ ರಿಫ್ರೆಶ್ ಮಾಡಲು ನೋಡುತ್ತದೆ. ಅದು ಸೋತರೆ ಲಾಗಿನ್ ಪುಟ ತೆರೆಯುವುದಿಲ್ಲ, ಅಲ್ಲೇ ಎರರ್ ಕೊಟ್ಟು ನಿಲ್ಲುತ್ತದೆ. ಮುಂದೆ ಯಾವತ್ತಾದರೂ ಸ್ಕೋಪ್ (ಆ್ಯಪ್ ಕೇಳುವ ಅನುಮತಿಗಳ ವ್ಯಾಪ್ತಿ) ಬದಲಿಸಿದರೂ ಇದೇ ಫೈಲ್ ಅಳಿಸಬೇಕು. ಲಾಗಿನ್ ಆಗುವಾಗ ಗೂಗಲ್ ಈ ಆ್ಯಪನ್ನು ಪರಿಶೀಲಿಸಿಲ್ಲ ಎಂಬ ಎಚ್ಚರಿಕೆ ಬರಬಹುದು. ನೀವೇ ಬರೆದ, ನೀವೇ ಬಳಸುವ ಆ್ಯಪ್ ಆದ್ದರಿಂದ ‘ಅಡ್ವಾನ್ಸ್ಡ್’ ಒತ್ತಿ ಮುಂದೆ ಹೋಗಿ.

ಸರ್ವರ್‌ನಲ್ಲಿ ಓಡಿಸುವ ಯೋಚನೆ ಇದೆ, ಸರ್ವೀಸ್ ಅಕೌಂಟ್ (ಮನುಷ್ಯರು ಲಾಗಿನ್ ಆಗದೆ ಪ್ರೋಗ್ರಾಂ ತಾನೇ ಬಳಸುವ ಗೂಗಲ್ ಖಾತೆ) ಬಳಸಲಾ ಅಂತಲೂ ಕೇಳಿದ್ದೀರಿ. ಬಳಸಬಹುದು, ಆದರೆ ನಾನು ಅನುಭವಿಸಿದ್ದನ್ನು ಹೇಳಿಬಿಡುತ್ತೇನೆ. ಅಪ್ಪನ ಡಯಾಲಿಸಿಸ್ ದಿನಗಳು ಮನೆಯವರೆಲ್ಲರ ಫೋನಿನಲ್ಲೂ ಕಾಣಬೇಕು ಅಂತ ಸರ್ವೀಸ್ ಅಕೌಂಟ್ ಬಳಸಿ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಎರರ್ ಒಂದೂ ಇಲ್ಲ, ಈವೆಂಟ್ ಸೇರಿತು ಅಂತಲೇ ಉತ್ತರ ಬರುತ್ತಿತ್ತು. ಫೋನಿನಲ್ಲಿ ಮಾತ್ರ ಏನೂ ಇಲ್ಲ. ಎರಡು ಸಂಜೆ ಹುಡುಕಿದ ಮೇಲೆ ಗೊತ್ತಾಯಿತು: ಕ್ಯಾಲೆಂಡರ್ ಐಡಿ ಜಾಗದಲ್ಲಿ ‘ಪ್ರೈಮರಿ’ ಅಂತ ಬರೆದಿದ್ದೆ. ಸರ್ವೀಸ್ ಅಕೌಂಟ್‌ಗೆ ಅದರದ್ದೇ ಒಂದು ಕ್ಯಾಲೆಂಡರ್ ಇರುತ್ತದೆ, ಎಲ್ಲ ದಿನಗಳೂ ಅಲ್ಲಿ ಹೋಗಿ ಕೂತಿದ್ದವು. ಹಾಗಾಗಿ ನಿಮ್ಮ ಕ್ಯಾಲೆಂಡರ್‌ನ ಶೇರಿಂಗ್ ಸೆಟ್ಟಿಂಗ್‌ಗೆ ಹೋಗಿ, ಸರ್ವೀಸ್ ಅಕೌಂಟಿನ ಇಮೇಲ್ ವಿಳಾಸ ಸೇರಿಸಿ, ಈವೆಂಟ್ ಬದಲಿಸುವ ಅನುಮತಿ ಕೊಡಿ. ಕೋಡ್‌ನಲ್ಲಿ ಆ ಕ್ಯಾಲೆಂಡರ್‌ನ ಪೂರ್ತಿ ಐಡಿ ಹಾಕಿ. ಶೇರ್ ಮಾಡದಿದ್ದರೆ 404 (‘ಸಿಗಲಿಲ್ಲ’ ಎಂಬ ಎರರ್) ಬರುತ್ತದೆ. ಅದನ್ನು ನೋಡಿದವರು ಐಡಿ ತಪ್ಪಿರಬೇಕು ಅಂತ ಸುಮ್ನೆ ಹುಡುಕುತ್ತಾ ಕೂರುತ್ತಾರೆ. ಜೊತೆಗೆ ಸರ್ವರ್‌ನ ಗಡಿಯಾರ ಸರಿ ಇದೆಯಾ ನೋಡಿ. ಸಮಯ ತಪ್ಪಿದ್ದರೆ ಸರ್ವೀಸ್ ಅಕೌಂಟ್‌ಗೂ ಇದೇ ‘ಇನ್‌ವ್ಯಾಲಿಡ್ ಗ್ರಾಂಟ್’ ಬರುತ್ತದೆ.

ಉಳಿದ ಎರರ್ ಸಂಖ್ಯೆಗಳಲ್ಲಿ, 401 ಬಂದರೆ ಟೋಕನ್ ಹಳಸಿದೆ ಅಥವಾ ತಪ್ಪಾಗಿದೆ. 403 ಬಂದರೆ ಅದರ ಕೆಳಗಿನ ಸಾಲನ್ನು ಪೂರ್ತಿ ಓದಿ. ಎಪಿಐ ಎನೇಬಲ್ ಮಾಡದಿದ್ದರೂ, ಸ್ಕೋಪ್ ಸಾಲದಿದ್ದರೂ, ಕಡಿಮೆ ಹೊತ್ತಿನಲ್ಲಿ ಜಾಸ್ತಿ ಸಲ ಕೇಳಿದರೂ ಅದೇ ಸಂಖ್ಯೆ ಬರಬಹುದು.

ಇವತ್ತು ಪಬ್ಲಿಶ್ ಮಾಡಿ, ಫೈಲ್ ಅಳಿಸಿ, ಲಾಗಿನ್ ಆಗಿ. ಎಂಟನೇ ದಿನ ಸ್ಕ್ರಿಪ್ಟ್ ಓಡಿತಾ ಅಂತ ಇಲ್ಲೇ ತಿಳಿಸಿ. ಓಡದಿದ್ದರೆ ಎರರ್‌ನ ಪೂರ್ತಿ ಸಾಲು ಹಾಕಿ, ಸೀಕ್ರೆಟ್ ಮತ್ತು ಟೋಕನ್ ತೆಗೆದು. ಸೇರಿ ನೋಡೋಣ.