ನರಳಿದರೆ ಸಬರ್ (ಸಹನೆ) ಕೆಡುತ್ತದಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನೋವಿನ ಬಗ್ಗೆಯೇ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಆಲಿಮಾ (ಧರ್ಮ ವಿದುಷಿ) ಅಲ್ಲ. ಬಹುಕಾಲ ವಾರ್ಡಿನಲ್ಲಿ ದುಡಿದು ನಿವೃತ್ತಳಾದ ನರ್ಸ್. ಹದೀಸ್ (ಪ್ರವಾದಿ ಮುಹಮ್ಮದರ ನಡೆನುಡಿಗಳ ವರದಿ) ಓದುವ ಹುಚ್ಚು ಮೊದಲಿಂದಲೂ ಇದೆ. ಬೆರಳ ಗಂಟುಗಳಲ್ಲಿ ಸಂಧಿವಾತವೂ ಇದೆ. ಬೆಳಿಗ್ಗೆ ನಮಾಝಿಗೆ ಮೊದಲು ವುಝೂ (ಕೈಕಾಲು ಮುಖ ತೊಳೆಯುವುದು) ಮಾಡುವಾಗ ನಲ್ಲಿ ತಿರುಗಿಸಲು ಎರಡೂ ಕೈ ಬೇಕು.

ಆಪಾ, ನನಗೆ ಬೆನ್ನಿನ ಡಿಸ್ಕ್ ತೊಂದರೆ. ರಾತ್ರಿ ಹೊರಳುವಾಗ ‘ಅಯ್ಯೋ, ಅಮ್ಮಾ’ ಅಂತ ಬಾಯಿಗೆ ಬಂದುಬಿಡುತ್ತದೆ. ‘ಸಬರ್ ಮಾಡು, ನರಳಿದರೆ ಅಲ್ಲಾಹನ ಮೇಲೆ ದೂರು ಹೇಳಿದ ಹಾಗೆ, ಪ್ರತಿಫಲ ಎಲ್ಲ ಹೋಗುತ್ತದೆ’ ಅಂತಾರೆ ಅತ್ತೆ. ನಿಜವಾ?

ಇಲ್ಲ ತಂಗಿ. ನೋವಾದರೆ ನರಳಿ.

ಒಮ್ಮೆ ಪ್ರವಾದಿಯವರ ಪತ್ನಿ ಆಯಿಶಾ(ರ) ಅವರಿಗೆ ತಲೆನೋವು ಬಂದಿತ್ತು. ‘ಅಯ್ಯೋ ನನ್ನ ತಲೆ!’ ಎಂದರು. ಪ್ರವಾದಿಯವರು(ಸ) ಸಬರ್ ಬಗ್ಗೆ ಪ್ರವಚನ ಮಾಡಲಿಲ್ಲ. ‘ನಾನಿರುವಾಗಲೇ ನೀನು ಹೋದರೆ ನಿನಗಾಗಿ ಕ್ಷಮೆ ಬೇಡುತ್ತೇನೆ, ದುಆ ಮಾಡುತ್ತೇನೆ’ ಎಂದರು. ಆಯಿಶಾ ಸುಮ್ಮನಿರುವವರಾ? ‘ನಾನು ಸಾಯಲಿ ಅಂತಲೇ ನಿಮಗೆ ಆಸೆ. ಅವತ್ತು ಸಂಜೆಗೇ ಇನ್ನೊಬ್ಬ ಹೆಂಡತಿಯ ಜೊತೆ ಇರುತ್ತೀರಿ’ ಎಂದುಬಿಟ್ಟರು. ಆಗ ಪ್ರವಾದಿಯವರು ‘ಅಲ್ಲ, ಅಯ್ಯೋ ನನ್ನ ತಲೆ ಅಂತ ನಾನು ಹೇಳಬೇಕು’ ಎಂದರು. ಅವರ ತಲೆಯೂ ನೋಯುತ್ತಿತ್ತು. ಗಂಡ ಹೆಂಡತಿ ಇಬ್ಬರೂ ನೋವನ್ನು ಬಾಯಿ ಬಿಟ್ಟು ಹೇಳಿಕೊಂಡ ಈ ಮಾತುಕತೆ ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಇಮಾಮ್ ಬುಖಾರಿ ಅದಕ್ಕೆ ಕೊಟ್ಟ ತಲೆಬರಹ ಇನ್ನೂ ಸೊಗಸು. ರೋಗಿ ‘ನನಗೆ ನೋಯುತ್ತಿದೆ’, ‘ಅಯ್ಯೋ ನನ್ನ ತಲೆ’, ‘ನೋವು ಜಾಸ್ತಿಯಾಗಿದೆ’ ಎನ್ನಲು ಅನುಮತಿ ಇದೆ ಎಂಬುದೇ ಆ ಅಧ್ಯಾಯದ ಹೆಸರು. ಅದೇ ತಲೆಬರಹದಲ್ಲಿ ಪ್ರವಾದಿ ಅಯ್ಯೂಬರ ಮಾತನ್ನೂ ಸೇರಿಸಿದ್ದಾರೆ: ‘ನನಗೆ ಕಷ್ಟ ತಗುಲಿದೆ, ನೀನು ಕರುಣೆಯುಳ್ಳವರಲ್ಲೆಲ್ಲ ಹೆಚ್ಚು ಕರುಣೆಯುಳ್ಳವನು.’

ಅಯ್ಯೂಬರು ಸಬರ್‌ಗೆ ಹೆಸರಾದವರು. ಅವರೇ ‘ಕಷ್ಟ ತಗುಲಿದೆ’ ಎಂದು ಕೂಗಿದರು. ಅಲ್ಲಾಹನು ಅವರ ಬಗ್ಗೆ ಕುರ್‌ಆನಿನ ಸಾದ್ ಅಧ್ಯಾಯದಲ್ಲಿ ಹೇಳುವುದು ‘ನಾವು ಅವನನ್ನು ಸಹನಶೀಲನಾಗಿ ಕಂಡೆವು’ ಎಂದು. ಪ್ರವಾದಿ ಯಾಕೂಬರೂ ಹಾಗೆಯೇ. ಮಗ ಯೂಸುಫ್ ಕಳೆದುಹೋದಾಗ ‘ಸುಂದರ ಸಹನೆಯೇ ನನಗೆ ದಾರಿ’ ಎಂದವರು ಅವರು. ಆಮೇಲೆ ಅತ್ತು ಅತ್ತು ಕಣ್ಣು ಬೆಳ್ಳಗಾಯಿತು. ಮಕ್ಕಳು ಆಕ್ಷೇಪಿಸಿದಾಗ ‘ನನ್ನ ಸಂಕಟವನ್ನು ನಾನು ಅಲ್ಲಾಹನಿಗೆ ತೋಡಿಕೊಳ್ಳುತ್ತಿದ್ದೇನೆ’ ಎಂದರು. ದೂರನ್ನು ಅಲ್ಲಾಹನ ಹತ್ತಿರ ಹೇಳಿಕೊಳ್ಳುವುದೇ ಬೇರೆ, ಅವನ ಮೇಲೆ ಹೊರಿಸುವುದೇ ಬೇರೆ. ಹದೀಸಿನಲ್ಲಿ ತಡೆದಿರುವುದು ಕೆನ್ನೆ ಹೊಡೆದುಕೊಳ್ಳುವುದು, ಬಟ್ಟೆ ಹರಿದುಕೊಂಡು ಗೋಳಿಡುವುದು. ಹಾಸಿಗೆಯಲ್ಲಿ ಹೊರಳುವಾಗ ಬರುವ ‘ಅಮ್ಮಾ’ ಅದಲ್ಲ.

ಅತ್ತೆಯ ಮಾತಿಗೂ ಒಂದು ಬೇರು ಇದೆ, ಅದನ್ನೂ ಹೇಳಬೇಕು. ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಕಾಯಿಲೆಯಲ್ಲಿ ನರಳುತ್ತಿದ್ದರಂತೆ. ಹಿಂದಿನ ವಿದ್ವಾಂಸರಾದ ತಾವೂಸ್ ನರಳುವುದನ್ನು ಇಷ್ಟಪಡುತ್ತಿರಲಿಲ್ಲ ಅಂತ ಯಾರೋ ನೆನಪಿಸಿದ ಮೇಲೆ ನಿಲ್ಲಿಸಿಬಿಟ್ಟರಂತೆ. ಆದರೆ ಅದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟು. ಸೊಸೆಗೆ ಹಾಕಿದ್ದಲ್ಲ.

ವಾರ್ಡಿನಲ್ಲಿ ನೋವು ಹೇಳದ ರೋಗಿಗಳೇ ನನಗೆ ಹೆಚ್ಚು ಭಯ ಹುಟ್ಟಿಸುತ್ತಿದ್ದರು. ಹೊಟ್ಟೆಯ ಆಪರೇಷನ್ ಆದವರು ಹಲ್ಲು ಕಚ್ಚಿಕೊಂಡು ಮಲಗುತ್ತಾರೆ. ನೋವಿಗೆ ಹೆದರಿ ಸರಿಯಾಗಿ ಕೆಮ್ಮುವುದಿಲ್ಲ, ಆಳವಾಗಿ ಉಸಿರೆಳೆಯುವುದಿಲ್ಲ. ಕಫ ಕಟ್ಟಿ ಎದೆಗೆ ಸೋಂಕು ತಗಲುತ್ತದೆ.

ನಿಮ್ಮ ಬೆನ್ನಿಗೆ ಒಂದು ಉಪಾಯ. ಹೊರಳುವಾಗ ಮೊದಲು ಮಂಡಿ ಮಡಚಿ. ಭುಜ ಮತ್ತು ಸೊಂಟ ಒಟ್ಟಿಗೇ ತಿರುಗಲಿ, ಸೊಂಟ ತಿರುಚಬಾರದು. ಮಂಡಿಗಳ ನಡುವೆ ದಿಂಬಿರಲಿ. ಕಾಲು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಮೇಡಂ, ಸಕ್ಕರೆ ಕಾಯಿಲೆಯಿಂದ ನನ್ನ ಬಲಗಾಲಿನ ಬೆರಳು ತೆಗೆದರು. ನೋಡಲು ಬಂದ ನೆಂಟರೊಬ್ಬರು ‘ಯಾವುದೋ ಪಾಪದ ಶಿಕ್ಷೆ, ತೌಬಾ (ಪಶ್ಚಾತ್ತಾಪ) ಮಾಡು’ ಅಂದು ಹೋದರು. ಅಂದಿನಿಂದ ನಿದ್ದೆಯಿಲ್ಲ.

ನೆಂಟರಿಗೆ ಈ ವಿಷಯ ಯಾರು ತಿಳಿಸಿದರಂತೆ?

ಪ್ರವಾದಿಯವರ ಸಂಗಾತಿ ಇಬ್ನ್ ಮಸ್ಊದ್(ರ) ಕಾಯಿಲೆ ಬಿದ್ದ ಪ್ರವಾದಿಯವರನ್ನು ನೋಡಲು ಹೋಗಿ ಮೈ ಮುಟ್ಟಿದರು. ‘ನಿಮಗೆ ವಿಪರೀತ ಜ್ವರ’ ಎಂದರು. ‘ಹೌದು, ನಿಮ್ಮಲ್ಲಿ ಇಬ್ಬರಿಗೆ ಬರುವಷ್ಟು’ ಎಂದು ಉತ್ತರ ಬಂತು. ಅವರಿಗಿಂತ ಹೆಚ್ಚು ನೋವು ಉಂಡವರನ್ನು ನಾನು ನೋಡಿಲ್ಲ ಅಂತ ಆಯಿಶಾ ಹೇಳಿದ್ದಾರೆ. ನೋವೆಂದರೆ ಶಿಕ್ಷೆ ಎನ್ನುವವರು ಈ ಜ್ವರಕ್ಕೆ ಏನು ಹೇಳುತ್ತಾರೆ? ಅದೇ ಭೇಟಿಯಲ್ಲಿ ಪ್ರವಾದಿಯವರು ಹೇಳಿದ್ದು, ಮುಸ್ಲಿಮನಿಗೆ ತಗಲುವ ಯಾವ ನೋವಿನಿಂದಲೂ ಮರದ ಎಲೆ ಉದುರುವಂತೆ ಪಾಪಗಳು ಉದುರುತ್ತವೆ ಎಂದು. ಇನ್ನೊಂದು ಹದೀಸಿನಲ್ಲಿ ಚುಚ್ಚುವ ಮುಳ್ಳಿಗೂ ಈ ಲೆಕ್ಕವಿದೆ.

ನೆಂಟರು ಕುರ್‌ಆನಿನ 42:30 ತೋರಿಸಬಹುದು. ‘ನಿಮಗೆ ಬರುವ ವಿಪತ್ತು ನಿಮ್ಮ ಕೈಗಳ ಗಳಿಕೆ’ ಎಂದು ಅಲ್ಲಿದೆ. ಆದರೆ ವಚನ ಅಷ್ಟಕ್ಕೇ ಮುಗಿಯುವುದಿಲ್ಲ. ‘ಎಷ್ಟನ್ನೋ ಅವನು ಕ್ಷಮಿಸಿಬಿಡುತ್ತಾನೆ’ ಎಂದೂ ಇದೆ. ಅದು ನಾವು ನಮ್ಮೊಳಗೆ ನೋಡಿಕೊಳ್ಳಲು ಇರುವ ವಚನ. ಪಕ್ಕದ ಮಂಚದವರನ್ನು ತೂಗಲು ಅಲ್ಲ.

632ರಲ್ಲಿ ಪ್ರವಾದಿಯವರ ಹಾಲುಗೂಸು ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣ ಆಯಿತು. ಮಗುವಿನ ಸಾವಿಗೇ ಸೂರ್ಯ ಮಂಕಾದ ಅಂತ ಜನ ಮಾತಾಡಿಕೊಂಡರು. ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಹಾಗೇ ಬಿಡುತ್ತಿದ್ದರೇನೋ. ಅವರು ಬಿಡಲಿಲ್ಲ. ಸೂರ್ಯ ಚಂದ್ರರು ಯಾರದೋ ಸಾವಿಗಾಗಲಿ ಹುಟ್ಟಿಗಾಗಲಿ ಗ್ರಹಣ ಹಿಡಿಯುವುದಿಲ್ಲ ಎಂದರು. ನಡೆದದ್ದಕ್ಕೆಲ್ಲ ನಮಗೆ ತೋಚಿದ ಅರ್ಥ ಹಚ್ಚಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ತೌಬಾ ಆರೋಗ್ಯವಾಗಿರುವವರಿಗೂ ಒಳ್ಳೆಯದೇ, ಮಾಡಿ. ಸಕ್ಕರೆ ಜಾಸ್ತಿಯಾದರೆ ನರಗಳ ಸ್ಪರ್ಶ ಹೋಗುತ್ತದೆ, ರಕ್ತದ ಓಡಾಟ ಕುಗ್ಗುತ್ತದೆ, ಗಾಯ ಗೊತ್ತೇ ಆಗುವುದಿಲ್ಲ. ಹಾಗಾಗಿ ಎರಡೂ ಕಾಲಿನ ಅಡಿಯನ್ನು ದಿನಾ ರಾತ್ರಿ ಕನ್ನಡಿ ಹಿಡಿದು ನೋಡಿಕೊಳ್ಳಿ. ಬರಿಗಾಲಲ್ಲಿ ಓಡಾಡಬೇಡಿ.

ಕುರ್ಚಿಯಲ್ಲಿ ಕೂತು ನಮಾಝ್ ಮಾಡಿದರೆ ಅರ್ಧ ಪುಣ್ಯ ಮಾತ್ರ ಅಂತಾರೆ. ಮಾತ್ರೆ ಬಿಟ್ಟು ಉಪವಾಸ ಹಿಡಿಯಲಾ?

ನಿಲ್ಲಲು ಶಕ್ತಿಯಿದ್ದೂ ಕೂತು ಐಚ್ಛಿಕ ನಮಾಝ್ ಮಾಡುವವರ ಮಾತು ಅದು, ನಿಮ್ಮದಲ್ಲ. ಇಮ್ರಾನ್ ಇಬ್ನ್ ಹುಸೈನ್(ರ) ಅವರಿಗೆ ಮೂಲವ್ಯಾಧಿ ಇತ್ತು, ನಮಾಝ್ ಹೇಗೆ ಮಾಡಲಿ ಅಂತ ಪ್ರವಾದಿಯವರನ್ನು ಕೇಳಿದರು. ‘ನಿಂತು ಮಾಡು, ಆಗದಿದ್ದರೆ ಕೂತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ’ ಎಂದರು ಪ್ರವಾದಿಯವರು. ಉಪವಾಸಕ್ಕೆ ರೋಗಿಗೆ ವಿನಾಯಿತಿ ಇರುವುದು ಕುರ್‌ಆನಿನಲ್ಲೇ, 2:184 ಮತ್ತು 185. ಗುಣವಾದ ಮೇಲೆ ಬೇರೆ ದಿನ ಹಿಡಿಯಬಹುದು. ಗುಣವಾಗುವ ಭರವಸೆಯೇ ಇಲ್ಲದಿದ್ದರೆ ಬಡವರಿಗೆ ಊಟ. ಮಾತ್ರೆ ಬಿಡಬೇಡಿ.

ತಲೆಗೆ ಗಾಯವಾಗಿದ್ದ ಒಬ್ಬನಿಗೆ ಜೊತೆಯವರು ‘ಕಡ್ಡಾಯ ಸ್ನಾನದಿಂದ ನಿನಗೆ ವಿನಾಯಿತಿ ಇಲ್ಲ’ ಎಂದು ಸ್ನಾನ ಮಾಡಿಸಿದರು. ಅವನು ಸತ್ತ. ವಿಷಯ ತಿಳಿದ ಪ್ರವಾದಿಯವರು ‘ಅವರು ಅವನನ್ನು ಕೊಂದರು, ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ?’ ಎಂದು ಸಿಟ್ಟಾದರು. ಇದು ಅಬೂ ದಾವೂದ್ ಸಂಗ್ರಹದಲ್ಲಿದೆ. ಧರ್ಮದ ಹೆಸರಲ್ಲಿ ರೋಗಿಗೆ ಸಲಹೆ ಕೊಡಲು ನಾಲಿಗೆ ತುರಿಸಿದಾಗೆಲ್ಲ ನಾನು ಇದನ್ನು ನೆನೆಸಿಕೊಳ್ಳುತ್ತೇನೆ.

ಅಕ್ಕಾ, ಅಪ್ಪನಿಗೆ ಕ್ಯಾನ್ಸರ್ ಮೂಳೆಗೆ ಹರಡಿದೆ. ಡಾಕ್ಟರ್ ಮಾರ್ಫಿನ್ ಬರೆದಿದ್ದಾರೆ. ‘ನಶೆ ಹರಾಮ್ (ನಿಷಿದ್ಧ), ನೋವು ತಿಂದಷ್ಟೂ ಪುಣ್ಯ’ ಅಂತ ಅಪ್ಪ ಕುಡಿಯುತ್ತಿಲ್ಲ. ಬಲವಂತ ಮಾಡಲಾ?

ಬಲವಂತ ಬೇಡ ತಮ್ಮಾ, ಆದರೆ ಸುಮ್ನೆ ಒಪ್ಪಿಕೊಳ್ಳಲೂ ಬೇಡ. ಪಕ್ಕದಲ್ಲಿ ಕೂತು ಮಾತಾಡು.

ಮೊದಲು ಹರಾಮಿನ ವಿಚಾರ. ‘ಅಲ್ಲಾಹನು ಮದ್ದಿಲ್ಲದ ಯಾವ ರೋಗವನ್ನೂ ಇಳಿಸಿಲ್ಲ’ ಎಂಬ ಹದೀಸ್ ಅಪ್ಪನಿಗೂ ಗೊತ್ತಿರುತ್ತದೆ. ಮತ್ತಿಗಾಗಿ ಸೇವಿಸುವುದು ಹರಾಮ್. ತಡೆಯಲಾರದ ನೋವಿಗೆ ವೈದ್ಯರು ಅಳತೆ ನೋಡಿ ಕೊಡುವ ಮಾರ್ಫಿನನ್ನು ಇಂದಿನ ಬಹುತೇಕ ಫಿಕ್ಹ್ (ಧರ್ಮಶಾಸ್ತ್ರ) ವಿದ್ವಾಂಸರು ಅನಿವಾರ್ಯತೆಯ ನಿಯಮದಡಿ ಒಪ್ಪುತ್ತಾರೆ. ಅಪ್ಪ ನಂಬುವ ಆಲಿಮ್ ಒಬ್ಬರನ್ನೇ ಮನೆಗೆ ಕರೆಸು. ನನ್ನ ಮಾತಿಗಿಂತ ಅವರದು ನಾಟುತ್ತದೆ.

ವಿಧಿಯ ಮಾತು ಬಂದರೆ ಎರಡನೇ ಖಲೀಫರಾದ ಉಮರ್(ರ) ಅವರ ಕತೆ ಹೇಳು. ಸುಮಾರು 639ರಲ್ಲಿ ಶಾಮ್ (ಸಿರಿಯಾ) ಪ್ರದೇಶದಲ್ಲಿ ಪ್ಲೇಗ್ ಎದ್ದಿದೆ ಅಂತ ದಾರಿಯಲ್ಲೇ ತಿಳಿದು ಉಮರ್ ಹಿಂದಿರುಗಿದರು. ‘ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ?’ ಎಂದು ಸೇನಾಪತಿ ಅಬೂ ಉಬೈದಾ ಕೇಳಿದರು. ‘ಹೌದು, ಅಲ್ಲಾಹನ ವಿಧಿಯಿಂದ ಅಲ್ಲಾಹನ ವಿಧಿಯ ಕಡೆಗೆ’ ಎಂದರು ಉಮರ್.

ಇನ್ನು ಪುಣ್ಯ. ಮೂರ್ಛೆರೋಗವಿದ್ದ ಒಬ್ಬ ಕಪ್ಪು ವರ್ಣದ ಮಹಿಳೆ ಪ್ರವಾದಿಯವರ ಬಳಿ ಬಂದರು. ‘ಸಹಿಸಿಕೊಂಡರೆ ಸ್ವರ್ಗವಿದೆ, ಬೇಕಾದರೆ ಗುಣವಾಗಲೆಂದು ದುಆ ಮಾಡುತ್ತೇನೆ’ ಎಂದರು ಪ್ರವಾದಿಯವರು. ಆಕೆ ಸಹಿಸುತ್ತೇನೆ ಎಂದರು. ಆದರೆ ಮೂರ್ಛೆ ಬಂದಾಗ ಮೈಮೇಲಿನ ಬಟ್ಟೆ ಸರಿಯದಂತೆ ದುಆ ಮಾಡಿ ಎಂದು ಕೇಳಿದರು. ಮಾಡಿದರು. ಇಲ್ಲಿ ಆಯ್ಕೆ ರೋಗಿಯದು. ಅಪ್ಪನಿಗೆ ಬುದ್ಧಿ ಸ್ಪಷ್ಟವಾಗಿದ್ದು, ಎಲ್ಲ ತಿಳಿದು ಬೇಡ ಎಂದರೆ ಅದು ಅವರ ಹಕ್ಕು. ಮದ್ದು ಕುಡಿದರೂ ರೋಗ ಇದ್ದೇ ಇರುತ್ತದೆ, ಪ್ರತಿಫಲವೂ ತಪ್ಪುವುದಿಲ್ಲ ಎಂಬುದು ನನ್ನ ನಂಬಿಕೆ. ಅದನ್ನೂ ಅವರಿಗೆ ತಿಳಿಸು.

ಇಂಥ ಹಿರಿಯರಲ್ಲಿ ಹೆಚ್ಚಿನವರ ನಿಜವಾದ ಭಯ ಬೇರೆ ಇರುತ್ತದೆ: ಕೊನೆಗಳಿಗೆಯಲ್ಲಿ ಕಲಿಮಾ (ನಂಬಿಕೆಯ ಘೋಷಣೆ) ಹೇಳಲು ಎಚ್ಚರ ಇರುತ್ತದೋ ಇಲ್ಲವೋ ಎಂದು. ಕೇಳಿ ನೋಡು. ಹೌದೆಂದರೆ ಡಾಕ್ಟರಿಗೆ ಅದನ್ನೇ ಹೇಳು. ಕಡಿಮೆ ಪ್ರಮಾಣದಿಂದ ಶುರುಮಾಡಿ ನಿಧಾನಕ್ಕೆ ಹೊಂದಿಸುತ್ತಾರೆ. ಮೊದಲ ಕೆಲವು ದಿನ ತೂಕಡಿಕೆ ಇರುತ್ತದೆ, ಆಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಬೇಗ ಕೆಲಸ ಮಾಡುವ ಮಾರ್ಫಿನನ್ನು ನಾಲ್ಕು ಗಂಟೆಗೊಮ್ಮೆ ಗಡಿಯಾರ ನೋಡಿ ಕೊಡುವುದು ವಾಡಿಕೆ. ನೋವು ಏರುವವರೆಗೆ ಕಾಯಬಾರದು. ಮಲಬದ್ಧತೆ ಮಾತ್ರ ಬಿಡುವುದಿಲ್ಲ, ಅದಕ್ಕೆ ಮದ್ದನ್ನು ಜೊತೆಗೇ ಬರೆಸಿಕೊ. ನೋವು ಹತೋಟಿಗೆ ಬಂದ ಮೇಲೆ ಕಿಬ್ಲಾ (ನಮಾಝಿನ ದಿಕ್ಕು) ಕಡೆ ಮಂಚ ತಿರುಗಿಸಿ ಅಂತ ಕೇಳಿದವರನ್ನು, ಕುರ್‌ಆನ್ ಓದಿ ಹೇಳಿ ಅಂದವರನ್ನು ನೋಡಿದ್ದೇನೆ. ನೋವಿನ ಉತ್ತುಂಗದಲ್ಲಿ ಯಾರೂ ಏನೂ ಕೇಳುವುದಿಲ್ಲ. ಮಂಚದ ಕಂಬಿ ಹಿಡಿದಿರುತ್ತಾರೆ, ಅಷ್ಟೆ.

ನನ್ನ ಹೆಸರು ಬೇಡ. ನೋವು ತಾಳಲಾರದೆ ‘ಯಾ ಅಲ್ಲಾಹ್, ನನ್ನನ್ನು ಕರೆದುಕೋ’ ಅಂದಿದ್ದೇನೆ. ನನ್ನ ಈಮಾನ್ (ವಿಶ್ವಾಸ) ಹೋಯಿತಾ?

ಇಲ್ಲಮ್ಮಾ. ಪ್ರಸವದ ನೋವಿನಲ್ಲಿ ಖರ್ಜೂರದ ಮರಕ್ಕೆ ಒರಗಿದ, ಪ್ರವಾದಿ ಈಸಾರ (ಯೇಸುವಿನ) ತಾಯಿ ಮರ್ಯಮ್ ‘ಇದಕ್ಕೂ ಮೊದಲೇ ಸತ್ತು, ಹೇಳಹೆಸರಿಲ್ಲದಂತೆ ಮರೆತುಹೋಗಿದ್ದರೆ ಚೆನ್ನಾಗಿತ್ತು’ ಎಂದರು. ಕುರ್‌ಆನ್ ಅದನ್ನು ಮುಚ್ಚಿಟ್ಟಿಲ್ಲ. ಅವರಿಗೆ ಬಂದ ಉತ್ತರದಲ್ಲಿ ಒಂದೂ ಗದರಿಕೆಯಿಲ್ಲ. ದುಃಖಿಸಬೇಡ, ನಿನ್ನ ಕೆಳಗೆ ನೀರು ಹರಿಯುತ್ತಿದೆ, ಮರ ಅಲುಗಿಸು, ಹಣ್ಣು ಬೀಳುತ್ತದೆ, ತಿನ್ನು, ಕುಡಿ. ಯಾರಾದರೂ ಎದುರಾದರೆ ಇವತ್ತು ಮಾತಾಡುವುದಿಲ್ಲ ಎಂಬ ಹರಕೆಯಿದೆ ಎಂದುಬಿಡು. ಜನರ ಪ್ರಶ್ನೆಗಳಿಂದಲೂ ಬಿಡುವು!

ಸಾವನ್ನು ಬಯಸಬೇಡಿ ಎಂದು ಪ್ರವಾದಿಯವರು ಹೇಳಿದ್ದು ನಿಜ. ಹೇಳಲೇಬೇಕು ಅನ್ನಿಸಿದರೆ ಹೀಗೆ ಹೇಳಿ ಅಂತ ದಾರಿಯನ್ನೂ ಕೊಟ್ಟರು: ‘ಅಲ್ಲಾಹ್, ಬದುಕು ನನಗೆ ಒಳಿತಾಗಿರುವವರೆಗೆ ಬದುಕಿಸು, ಸಾವು ಒಳಿತಾದಾಗ ಸಾಯಿಸು.’

ಆದರೆ ‘ಕರೆದುಕೋ’ ಎಂಬುದು ‘ನಾನೇ ಹೋಗುತ್ತೇನೆ’ ಎಂದು ತಿರುಗುತ್ತಿದ್ದರೆ ಇವತ್ತೇ ಮನೆಯವರೊಬ್ಬರಿಗೆ ಹೇಳಿ, ಡಾಕ್ಟರಿಗೂ ಹೇಳಿ. ಒಬ್ಬರೇ ಇರಬೇಡಿ. ದೀರ್ಘ ನೋವಿನ ಜೊತೆ ಖಿನ್ನತೆ ಬರುವುದು ತೀರಾ ಸಾಮಾನ್ಯ, ಅದಕ್ಕೂ ಚಿಕಿತ್ಸೆಯಿದೆ. ಪತ್ರದಲ್ಲಿ ವಿಳಾಸ ಇದ್ದಿದ್ದರೆ ನಾನೇ ಬರೆಯುತ್ತಿದ್ದೆ. ಕಳಿಸಿ.

ಗೆಳತಿಯ ಎಂಟು ತಿಂಗಳ ಮಗು ತೀರಿಕೊಂಡಿತು. ‘ಮಗು ಸ್ವರ್ಗದಲ್ಲಿದೆ, ಅಳಬೇಡ’ ಅಂದೆ. ಮುಖ ತಿರುಗಿಸಿಕೊಂಡಳು. ನಾನು ಹೇಳಿದ್ದು ಸತ್ಯವೇ ಅಲ್ವಾ?

ಸತ್ಯವೇ. ಆದರೆ ಹೇಳಿದ ಹೊತ್ತು ಅದಲ್ಲ. ಜ್ವರದಲ್ಲಿದ್ದ ಒಬ್ಬ ಹಳ್ಳಿಗಾಡಿನ ಮುದುಕನಿಗೆ ಪ್ರವಾದಿಯವರು ‘ಪರವಾಗಿಲ್ಲ, ಅಲ್ಲಾಹ್ ಬಯಸಿದರೆ ಇದು ನಿನ್ನನ್ನು ಶುದ್ಧಗೊಳಿಸುತ್ತದೆ’ ಎಂದರು. ‘ಶುದ್ಧವಂತೆ! ಮುದುಕನ ಮೈಯಲ್ಲಿ ಕುದಿಯುತ್ತಿರುವ ಜ್ವರ ಇದು, ಗೋರಿ ಸೇರಿಸುತ್ತದೆ’ ಎಂದ ಮುದುಕ. ‘ಸರಿ, ಹಾಗೇ ಆಗಲಿ’ ಎಂದರು. ಈ ಮುದುಕನ ಒರಟುತನದ ಬಗ್ಗೆ ಬರೆದವರು ಬಹಳ. ಅವನೊಂದಿಗೆ ಪ್ರವಾದಿಯವರು ವಾದಕ್ಕೆ ಇಳಿಯಲಿಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನು ‘ಅಳಬೇಡ’ ಎಂಬುದು. ಮಗ ಇಬ್ರಾಹೀಮ್ ಕೊನೆಯುಸಿರು ಎಳೆಯುವಾಗ ಪ್ರವಾದಿಯವರ ಕಣ್ಣಲ್ಲಿ ನೀರು. ‘ನೀವೂ ಅಳುವುದಾ?’ ಎಂದು ಅಬ್ದುರ್ರಹ್ಮಾನ್ ಇಬ್ನ್ ಔಫ್ ಕೇಳಿದರು. ಇದು ಕರುಣೆ ಎಂದರು. ಕಣ್ಣು ನೀರು ಸುರಿಸುತ್ತದೆ, ಹೃದಯ ನೋಯುತ್ತದೆ, ನಾಲಿಗೆ ಮಾತ್ರ ಪ್ರಭುವಿಗೆ ಮೆಚ್ಚುಗೆಯಾದದ್ದನ್ನೇ ಆಡುತ್ತದೆ ಎಂದರು. ಹಾಗಿರುವಾಗ ಗೆಳತಿಯ ಕಣ್ಣೀರನ್ನು ನಿಲ್ಲಿಸಲು ನಾವು ಯಾರು?

ಮತ್ತೆ ಹೋಗಿ. ಬರಿಗೈಯಲ್ಲಿ ಹೋಗಬೇಡಿ. ಪ್ರವಾದಿಯವರ ಸೋದರಸಂಬಂಧಿ ಜಅಫರ್(ರ) ಮುಅ್ತಾ ಯುದ್ಧದಲ್ಲಿ ಮಡಿದ ಸುದ್ದಿ ಬಂದಾಗ ಪ್ರವಾದಿಯವರು ‘ಜಅಫರ್ ಮನೆಯವರಿಗೆ ಅಡುಗೆ ಮಾಡಿ, ಅವರಿಗೆ ಬೇರೇನೂ ತೋಚದಂಥದ್ದು ಬಂದೊದಗಿದೆ’ ಎಂದರು. ಸಾವಿನ ಮನೆಯ ಹೆಂಗಸರಿಗೆ ಆಯಿಶಾ ಬಾರ್ಲಿ ಹಿಟ್ಟಿನ ಗಂಜಿ ಮಾಡಿಸುತ್ತಿದ್ದರು. ತಲ್ಬೀನಾ ಅಂತ ಅದರ ಹೆಸರು. ಅದು ಹೃದಯಕ್ಕೆ ಹಗುರ, ದುಃಖವನ್ನು ಸ್ವಲ್ಪ ಇಳಿಸುತ್ತದೆ ಎಂದು ಪ್ರವಾದಿಯವರಿಂದ ಕೇಳಿದ್ದರಂತೆ. ಸ್ವಲ್ಪ, ಅಷ್ಟೇ. ಬಾರ್ಲಿಯೇ ಆಗಬೇಕು ಅಂತಿಲ್ಲ, ಅವಳ ಗಂಟಲಿಗೆ ಇಳಿಯುವ ಮೆತ್ತಗಿನದು ಏನಾದರೂ ಸಾಕು. ಮಗುವಿನ ಹೆಸರು ಹಿಡಿದು ಮಾತಾಡಿ, ಹೆದರಬೇಡಿ. ಇನ್ನೊಂದು: ಎಂಟು ತಿಂಗಳ ಕೂಸು ಅಂದರೆ ಗೆಳತಿಗೆ ಎದೆಹಾಲು ಕಟ್ಟಿಕೊಂಡು ನೋಯುತ್ತಿರಬಹುದು. ಮನೆಯಲ್ಲಿ ಇದು ಯಾರಿಗೂ ಹೊಳೆದಿರುವುದಿಲ್ಲ. ಮೆಲ್ಲಗೆ ಕೇಳಿ. ತಣ್ಣನೆ ಪಟ್ಟಿ ಇಟ್ಟು, ಎದೆ ಹಗುರಾಗುವಷ್ಟು ಮಾತ್ರ ಹಾಲು ಹಿಂಡಿದರೆ ಸಾಕು. ಜ್ವರ ಬಂದರೆ ಅಥವಾ ಎದೆ ಕೆಂಪಾದರೆ ಡಾಕ್ಟರ್ ಹತ್ತಿರ ನೀವೇ ಕರೆದುಕೊಂಡು ಹೋಗಿ.