ಹೆಪ್ಪು ಹಿಡಿಯದ ಶೇಂಗಾ ಮೊಸರು ಮತ್ತು ಇತರ ಪ್ರಶ್ನೆಗಳು

ಪ್ರಶ್ನೆ: ಮನೆಗೆ ಹಾಲು ತರುವುದನ್ನು ನಿಲ್ಲಿಸಿದ್ದೇವೆ. ಮಾವನವರಿಗೆ ಮೊಸರನ್ನ ಇಲ್ಲದೆ ಊಟ ಮುಗಿಯುವುದಿಲ್ಲ. ಶೇಂಗಾ ಮೊಸರು ಮಾಡಿದರೆ ನೀರುನೀರು, ಮೇಲೆ ಹಸಿ ವಾಸನೆ. ಏನು ತಪ್ಪಾಗಿದೆ?
– ಓದುಗರು, ಗದಗ

ಉತ್ತರ: ಹಸಿ ವಾಸನೆ ಇದ್ದರೆ ಹಾಲು ಸಾಕಷ್ಟು ಕುದ್ದಿಲ್ಲ. ನೀರಾದರೆ ರುಬ್ಬುವಾಗ ನೀರು ಹೆಚ್ಚಾಗಿದೆ. ಒಂದು ಲೋಟ ಶೇಂಗಾಕ್ಕೆ ಒಟ್ಟು ಮೂರು ಲೋಟ ನೀರು ಸಾಕು. ಬೀಜ 8 ಗಂಟೆ ನೆನೆಯಲಿ, ಆ ನೀರು ಚೆಲ್ಲಿ, ಸಿಪ್ಪೆ ಉಜ್ಜಿ ತೆಗೆಯಿರಿ. ಮೊದಲು ಒಂದು ಲೋಟ ನೀರಿನಲ್ಲಿ ಬೆಣ್ಣೆಯಂತೆ ನುಣ್ಣಗೆ ರುಬ್ಬಿ, ಆಮೇಲೆ ಉಳಿದದ್ದನ್ನು ಸೇರಿಸಿ ತೆಳು ಬಟ್ಟೆಯಲ್ಲಿ ಹಿಂಡಿ. ಸಣ್ಣ ಉರಿಯಲ್ಲಿ 10 ನಿಮಿಷ, ಕೈ ಬಿಡದೆ ತಿರುವುತ್ತ ಕುದಿಸಿ. ತಳ ಹಿಡಿದರೆ ಇಡೀ ಪಾತ್ರೆಗೆ ಸೀದ ವಾಸನೆ.

ಬೆರಳು ಹಾಯಾಗಿ ಇಡುವಷ್ಟು ಆರಿದ ಮೇಲೆ ಅರ್ಧ ಚಮಚ ಸಕ್ಕರೆ ಕದಡಿ. ಶೇಂಗಾ ಹಾಲಿನಲ್ಲಿ ಲ್ಯಾಕ್ಟೋಸ್ (ಹಸುವಿನ ಹಾಲಿನಲ್ಲಿರುವ ಸಕ್ಕರೆ) ಇಲ್ಲ, ಹುಳಿ ಬರಿಸುವ ಬ್ಯಾಕ್ಟೀರಿಯಾಕ್ಕೆ ಈ ಸಕ್ಕರೆ ನೆರವಾಗುತ್ತದೆ. ಹೆಪ್ಪಿಗೆ ಹಸಿಮೆಣಸಿನಕಾಯಿಯ 8–10 ತೊಟ್ಟು ಮುಳುಗಿಸಿ, ಬೆಚ್ಚಗಿನ ಜಾಗದಲ್ಲಿ 10–12 ಗಂಟೆ ಅಲುಗಾಡಿಸದೆ ಇಡಿ. ಮೊದಲ ಸಲ ಸಡಿಲವಾಗಿ, ತುಸು ಮೆಣಸಿನ ಘಾಟಿನಿಂದಲೇ ಬರುತ್ತದೆ. ಬೇಸರಪಡಬೇಡಿ. ಅದರದೇ ಒಂದು ಚಮಚ ತೆಗೆದು ಎರಡನೆಯ ಸಲ ಹೆಪ್ಪು ಹಾಕಿ, ಮೂರನೆಯ ಸಲದ ಹೊತ್ತಿಗೆ ಗಟ್ಟಿ ಮೊಸರು ಸಿಗುತ್ತದೆ. ಮಾವನವರಿಗೆ ಬಡಿಸುವುದು ಆ ಮೊಸರನ್ನೇ ಆಗಲಿ. ಯಾವ ಬಣ್ಣದ ಬೂಷ್ಟು ಕಂಡರೂ ಪೂರ್ತಿ ಚೆಲ್ಲಿ. ಮಜ್ಜಿಗೆಹುಳಿಗೆ ಮಸಾಲೆಯನ್ನು ಮೊದಲೇ ಕುದಿಸಿ, ಮೊಸರು ಕೊನೆಗೆ ಹಾಕಿ, ಉಕ್ಕು ಬಂದ ಕೂಡಲೇ ಇಳಿಸಿ. ಇಲ್ಲದಿದ್ದರೆ ಒಡೆಯುತ್ತದೆ.

ಪ್ರಶ್ನೆ: ಹಾಲು ಕುಡಿಯುವುದೂ ಹಿಂಸೆ ಎನ್ನುತ್ತಾರೆ. ನಮ್ಮದೇ ಹಸು, ಕರು ಕುಡಿದ ಮೇಲೆಯೇ ಕರೆಯುತ್ತೇವೆ. ಇದರಲ್ಲೇನು ಹಿಂಸೆ?
– ಓದುಗರು, ತೀರ್ಥಹಳ್ಳಿ

ಉತ್ತರ: ನಿಮ್ಮ ಹಸುವಿನ ಮೇಲಿನ ಅಕ್ಕರೆ ನಿಜವೇ. ಆದರೆ ಹಾಲು ನಿಲ್ಲದಿರಲು ಹಸು ಮತ್ತೆ ಮತ್ತೆ ಗಬ್ಬವಾಗಿ ಕರು ಹಾಕಬೇಕು, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಹೋರಿಕರುಗಳು. ಉಳುವುದಕ್ಕೆ ಟ್ರಾಕ್ಟರ್, ಟಿಲ್ಲರ್ ಬಂದ ಮೇಲೆ ಅವುಗಳಿಗೆ ಕೆಲಸವಿಲ್ಲ. ನಿಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ ಹೋರಿಗಳು, ಬತ್ತಿದ ಮುದಿ ಹಸುಗಳು ಈಗ ಎಲ್ಲಿವೆ? ಕೊಟ್ಟಿಗೆಯಲ್ಲೇ ಇದ್ದರೆ ನೀವು ಅಪರೂಪದವರು. ಮಾರಿದ್ದರೆ ಹಿಂಸೆ ಇರುವುದು ಅಲ್ಲಿ.

ಪ್ರಶ್ನೆ: ಬಿಸ್ಕತ್ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ವೀಗನ್ ಎಂದೇ?
– ಓದುಗರು, ಬೆಂಗಳೂರು

ಉತ್ತರ: ಅಲ್ಲ. ವೀಗನ್ ಎಂದರೆ ಪ್ರಾಣಿಗಳಿಂದ ಬಂದದ್ದು ಯಾವುದೂ ಇಲ್ಲದ್ದು. ಹಾಲು, ತುಪ್ಪ, ಜೇನು ಇದ್ದರೂ ಹಸಿರು ಚುಕ್ಕೆ ಇರುತ್ತದೆ. ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ) 2022ರಲ್ಲಿ ವೀಗನ್ ಆಹಾರಕ್ಕೇ ನಿಯಮ ತಂದಿದೆ, ಅದರ ಗುರುತು ಹಸಿರು ‘ವಿ’ ಅಕ್ಷರ. ಅದಿಲ್ಲದಿದ್ದರೆ ಪದಾರ್ಥಗಳ ಪಟ್ಟಿಯಲ್ಲಿ ಮಿಲ್ಕ್ ಸಾಲಿಡ್ಸ್, ವೇ, ಕೇಸಿನೇಟ್ ಹುಡುಕಿ, ಇವೆಲ್ಲ ಹಾಲಿನಿಂದ ಬಂದವೇ. ‘ಮೇ ಕಂಟೇನ್ ಮಿಲ್ಕ್’ ಎಂದಷ್ಟೇ ಇದ್ದರೆ ಅದು ಯಂತ್ರದಲ್ಲಿ ಸೋಕಿರಬಹುದಾದ ಹಾಲಿನ ಮಾತು. ಅಲರ್ಜಿ ಇಲ್ಲದವರು ಕೊಳ್ಳಬಹುದು ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ವೀಗನ್ ಆಗಿ ನಾಲ್ಕು ವರ್ಷ. ಸೊಪ್ಪು, ಕಾಳು, ರಾಗಿ ಚೆನ್ನಾಗಿಯೇ ತಿನ್ನುತ್ತೇನೆ. ಈಚೆಗೆ ಪಾದ ಜೋಮು ಹಿಡಿಯುತ್ತದೆ.
– ಓದುಗರು, ಮೈಸೂರು

ಉತ್ತರ: ಇದು ವಿಟಮಿನ್ ಬಿ12 ಕೊರತೆಯ ಲಕ್ಷಣ ಇರಬಹುದು. ತಡಮಾಡದೆ ವೈದ್ಯರನ್ನು ಕಂಡು ಬಿ12 ರಕ್ತಪರೀಕ್ಷೆ ಮಾಡಿಸಿ. ಸೊಪ್ಪು, ಕಾಳು, ಹುಳಿ ಬಂದ ಇಡ್ಲಿ ಹಿಟ್ಟು, ಸ್ಪಿರುಲಿನಾ (ಪಾಚಿಯ ಪುಡಿ) ಯಾವುದನ್ನೂ ಬಿ12ಗೆ ನಂಬುವಂತಿಲ್ಲ. ಸೊಪ್ಪಿನಲ್ಲಿರುವ ಫೋಲೇಟ್ ಎಂಬ ವಿಟಮಿನ್ ಈ ಕೊರತೆಯ ರಕ್ತಹೀನತೆಯನ್ನು ಮರೆಮಾಚಿ, ಒಳಗೆ ನರಕ್ಕೆ ಹಾನಿ ಮುಂದುವರಿಯುವುದೂ ಉಂಟು. ಆರೋಗ್ಯವಾಗಿರುವ ವೀಗನ್ ವಯಸ್ಕರಿಗೆ ದಿನಕ್ಕೆ ಕನಿಷ್ಠ 10 ಮೈಕ್ರೊಗ್ರಾಂ ಅಥವಾ ವಾರಕ್ಕೊಮ್ಮೆ 2000 ಮೈಕ್ರೊಗ್ರಾಂ ಮಾತ್ರೆ ಬೇಕು. ನಿಮಗೆ ಈಗಾಗಲೇ ಲಕ್ಷಣ ಇರುವುದರಿಂದ ಪ್ರಮಾಣವನ್ನು ವೈದ್ಯರೇ ಹೇಳಲಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಅದನ್ನೂ ತಿಳಿಸಿ, ಅದು ಬಿ12 ಮಟ್ಟ ಇಳಿಸುತ್ತದೆ. ಪರೀಕ್ಷೆಗೆ ರಕ್ತ ಕೊಡುವ ಮೊದಲೇ ಮಾತ್ರೆ ಶುರುಮಾಡಬೇಡಿ, ವರದಿಯಲ್ಲಿ ಕೊರತೆ ಕಾಣದೆ ಹೋದೀತು.